ವಿಐಎ ರೂಮಿನಲ್ಲಿ ಕೇಳಿಸಿಕೊಂಡದ್ದು
ಎನ್‌ಸಿಡಿ (ಬಿಪಿ, ಶುಗರ್, ಕ್ಯಾನ್ಸರ್‌ನಂಥ ಅಂಟದ ಕಾಯಿಲೆಗಳ) ಕ್ಯಾಂಪಿನ ದಿನ ಬಿಪಿ, ಶುಗರ್‌ಗೆ ಸಾಲು ನಿಲ್ಲುವ ಹೆಂಗಸರು ವಿಐಎ, ಅಂದರೆ ಅಸಿಟಿಕ್ ಆಸಿಡ್ ಹಚ್ಚಿ ಗರ್ಭಕೊರಳಿನ ಕ್ಯಾನ್ಸರ್ ಸುಳಿವು ನೋಡುವ ಪರೀಕ್ಷೆ, ಅಂದ ಕೂಡಲೇ 'ಮನ್ಯಾಗ ಕೆಲಸ ಐತ್ರಿ' ಅಂತ ಜಾರಿಕೊಳ್ಳುತ್ತಾರೆ. ಆಶಾ ಕಾಡಿಬೇಡಿ ಕರೆತಂದಿದ್ದ, ಐವತ್ತು ದಾಟಿದ ಒಬ್ಬರು ಟೇಬಲ್ ಹತ್ತಿದ್ದೇ ತಡ ಮೊಣಕಾಲು ಬಿಗಿ ಹಿಡಿದರು. ಒಳಗೆ ಅಗಲಿಸಿ ನೋಡುವ ಸಲಕರಣೆ ಕಸ್ಕೋ ತಾಗಿದರೆ ಸಾಕು, ಸೊಂಟ ಮೇಲೆ. ಸಡಿಲ ಬಿಡ್ರಿ, ಉಸಿರು ಬಿಡ್ರಿ ಅಂತ ಹೇಳಿ ಹೇಳಿ ಕೊನೆಗೆ ನನ್ನ ಬಾಯಿಂದ ಬಂದೇಬಿಟ್ಟಿತು: 'ನಾಲ್ಕು ಹಡದೀರಿ, ಇದಕ್ಕೇನು ಹೆದರಿಕೆ?'

ಅವರು ಸೂರು ನೋಡುತ್ತಲೇ ಅಂದರು: 'ಹಡಿಯೋ ಮುಂದನೂ ಹಿಂಗ ಬೈದಿದ್ರಿ.'

ಅವರ ಹೆರಿಗೆ ಕಾಲಕ್ಕೆ ನಾನಿನ್ನೂ ನರ್ಸಿಂಗ್‌ಗೇ ಸೇರಿರಲಿಲ್ಲ. ಆದರೆ ಲೇಬರ್ ರೂಮಿನಲ್ಲಿ ಡ್ಯೂಟಿ ಮಾಡಿಯೇ ಇಲ್ಲಿಗೆ ಬಂದವಳು. ಅಲ್ಲಿ ಏನೇನು ಅನ್ನುತ್ತೇವೆ ಅಂತ ಗೊತ್ತಿದೆ. ಹೆಂಗಸರು ಜಾರಿಕೊಳ್ಳೋದು ಬರೀ ನಾಚಿಕೆಗೆ ಅಂತ ಲೆಕ್ಕ ಹಾಕಿದ್ದೆ. ಕ್ಯಾಂಪಿಗೆ ಹೆಂಗಸರು ಬರಲಿ ಅಂತ ಬ್ಯಾನರ್ ಕಟ್ಟಿಸುತ್ತಾರಲ್ಲ, ಹೆರಿಗೆ ಕೋಣೆಯಲ್ಲಿ ನಾವು ನಾಲಿಗೆ ಬಿಗಿ ಹಿಡಿದಿದ್ದರೆ ಅರ್ಧ ಬ್ಯಾನರ್ ದುಡ್ಡು ಉಳಿಯುತ್ತಿತ್ತು.

ಬಾಗಿಲಿಗೆ ಚಿಲಕವಿಲ್ಲ, ಆಶಾಳನ್ನೇ ಕಾವಲಿಗೆ ನಿಲ್ಲಿಸಿದೆ. ಕಾಲಿಗೆ ಬೆಡ್‌ಶೀಟ್ ಹೊದಿಸಿದೆ. ಕಸ್ಕೋ ಅವರ ಕೈಗೇ ಕೊಟ್ಟೆ, ತಿರುಗಿಸಿ ನೋಡಿದರು. ಸಣ್ಣ ಸೈಜಿನ ಇನ್ನೊಂದನ್ನು ಬೆಚ್ಚಗಿನ ನೀರಲ್ಲಿ ಅದ್ದಿ, 'ಸಾಕು ಅಂದ್ರೆ ನಿಲ್ಲಿಸ್ತೀನಿ' ಅಂದೆ. ಅರ್ಧಕ್ಕೇ ಸಾಕು ಅಂದರು. ತೆಗೆದೆ. ನಿಜವಾಗಿ ನಿಲ್ಲಿಸ್ತಾಳಾ ಅಂತ ನೋಡಿದರೇನೋ. ಸುಮ್ಮನೆ ನಿಂತೆ, ಹೊರಗೆ ಯಾರೋ ನನ್ನ ಹೆಸರು ಕೂಗುತ್ತಿದ್ದರು. ಆಮೇಲೆ ತಾವಾಗಿಯೇ 'ಹೂಂ, ಹಾಕ್ರಿ'. ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯಬೇಕು, ಉರಿಯುತ್ತದೆ ಬೇರೆ. ಆ ನಿಮಿಷವಿಡೀ ಸೊಸೆಯ ಮೇಲೆ ದೂರು ಹೇಳಿದರು.

ಅನುಮಾನ ಹುಟ್ಟಿಸುವ ಬಿಳಿ ಕಲೆ ಇರಲಿಲ್ಲ. ಆದರೆ ಮುಖ್ಯವಾಗಿ ನೋಡಬೇಕಾದ ಜಾಗ ಎಸ್‌ಸಿಜೆ, ಗರ್ಭಕೊರಳಿನ ಎರಡು ಬಗೆಯ ಪದರ ಸೇರುವ ಗೆರೆ, ಅದೂ ಕಾಣಲಿಲ್ಲ. ಮುಟ್ಟು ನಿಂತ ಮೇಲೆ ಅದು ಒಳಗೆ ಸರಿದಿರುತ್ತದೆ, ವಿಐಎ ನಂಬಿ ಕೂರುವಂತಿಲ್ಲ. ಸರ್ಕಾರಿ ಪ್ರೋಗ್ರಾಂ ಮಾತ್ರ 30ರಿಂದ 65 ವಯಸ್ಸಿನವರಿಗೆ ವಿಐಎ ಅನ್ನುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಪಾಸಿಟಿವ್, ನೆಗೆಟಿವ್ ಎರಡೇ ಕಾಲಂ. 'ನೆಗೆಟಿವ್ ಹಾಕ್ರಿ, ಟಾರ್ಗೆಟ್ ಆಗ್ಲಿ' ಅಂದರು ಮೇಲಿನವರು. ಹಾಕಲಿಲ್ಲ. ಅಂಚಿನಲ್ಲಿ 'ಎಸ್‌ಸಿಜೆ ಕಂಡಿಲ್ಲ' ಅಂತ ಬರೆದು, ಪ್ಯಾಪ್‌ಗೆ (ಗರ್ಭಕೊರಳಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಜಿಲ್ಲಾಸ್ಪತ್ರೆಗೆ ರೆಫರ್ ಮಾಡಿದೆ.

ಚೀಟಿ ಹಿಡಿದು ಅವರು ಕೇಳಿದ್ದು ಒಂದೇ: 'ಅಲ್ಲಿ ನೋಡೋರು ಹೆಣ್ಮಕ್ಕಳೇನ್ರಿ?' ಫೋನ್ ಹಚ್ಚಿ ವಿಚಾರಿಸಿದೆ. ಗುರುವಾರ ಲೇಡಿ ಡಾಕ್ಟರ್ ಇರ್ತಾರೆ ಅಂದರು. ಆಶಾ ಓದಿ ಹೇಳಲಿ ಅಂತ ಚೀಟಿಯ ಮೇಲೆ 'ಗುರುವಾರ' ಅಂತ ದಪ್ಪಗೆ ಬರೆದೆ.

ಸಂಜೆ ಮೀಟಿಂಗಿನಲ್ಲಿ ಒಬ್ಬರಿಗೇ ಅಷ್ಟು ಹೊತ್ತು ಯಾಕೆ ಅಂತ ಕೇಳಿದರು. ಚಿಲಕ ಬೇಕು ಅಂತ ಇಂಡೆಂಟ್ (ಬೇಡಿಕೆ ಚೀಟಿ) ಇನ್ನೊಮ್ಮೆ ಕೊಟ್ಟು ಬಂದೆ.