ಬ್ರೇಕ್ ಹಿಡಿಯಿತು, ಫೋರ್ಕ್ ಬಾಗಿತು

ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಅಂಗಡಿ ಶಟರ್ ಎತ್ತುವ ಮೊದಲೇ ಪೇಪರ್ ಹಾಕುವವರೊಬ್ಬರು ಬಂದು ನಿಂತಿದ್ದರು. ಪ್ಯಾಂಟ್ ಮೊಣಕಾಲಿನ ಹತ್ತಿರ ಹರಿದಿತ್ತು. "ಬ್ರೇಕ್ ಹಿಡಿದೆ ಮಾರಾಯ್ರೆ, ಸೈಕಲ್ ನಿಲ್ಲಲೇ ಇಲ್ಲ. ಡಿಸ್ಕ್ ಬ್ರೇಕ್ ಹಾಕಿ ಕೊಡಿ" ಅಂದರು.

ಆ ಸೈಕಲ್ಲಿಗೆ ಎರಡು ತಿಂಗಳ ಹಿಂದೆ ಮೋಟರ್ ಕಿಟ್ ಕೂರಿಸಿದ್ದು ನಾನೇ. ಹಿಂದಿನ ಚಕ್ರಕ್ಕೆ 250 ವ್ಯಾಟ್‌ನ ಹಬ್ ಮೋಟರ್ (ಚಕ್ರದ ನಡುವಿನಲ್ಲೇ ಕೂರುವಂಥದ್ದು), 36 ವೋಲ್ಟ್ ಬ್ಯಾಟರಿ. 25 ಕಿಲೋಮೀಟರ್ ವೇಗದೊಳಗೆ ಇರುವ ಕಿಟ್, ಹಾಗಾಗಿ ನಂಬರ್ ಪ್ಲೇಟಿನ ತಲೆನೋವು ಇಲ್ಲ. ಮೋಟರ್ ಓಡಿತು, ಅವರು ಖುಷಿಪಟ್ಟರು, ನಾನು ದುಡ್ಡು ಎಣಿಸಿಕೊಂಡೆ. ಬ್ರೇಕ್ ಕಡೆ ಕಣ್ಣು ಹಾಯಿಸಲೇ ಇಲ್ಲ. ರಿಮ್ಮನ್ನು ಎರಡು ಬದಿಯಿಂದ ರಬ್ಬರ್ ಹಿಡಿಯುವ ಹಳೆಯ ವಿ-ಬ್ರೇಕ್, ಗಟ್ಟಿಯಾಗಿ ಹೋಗಿದ್ದ ರಬ್ಬರ್, ತುಕ್ಕು ಹಿಡಿದ ಕೇಬಲ್. ಹಾಗೇ ಬಿಟ್ಟೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲು ಅವರು, ಸೈಕಲ್, ಪೇಪರ್ ಕಟ್ಟು ಎಲ್ಲ ಸೇರಿ ಸುಮಾರು 105 ಕಿಲೋ, 15ರ ವೇಗ. ಈಗ 115 ಕಿಲೋ, 25ರ ವೇಗ. ತೂಕ ಜಾಸ್ತಿ ಆಗಿದ್ದು ಹತ್ತೇ ಕಿಲೋ. ಆದರೆ ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದಲ್ವಾ? ಅದೇ ಲೆಕ್ಕದಲ್ಲಿ ಇವರ ಬ್ರೇಕಿನ ಕೆಲಸ ಮೂರು ಪಟ್ಟು ಆಗಿತ್ತು. ಅದೂ ಮಂಗಳೂರಿನ ಮಳೆಯಲ್ಲಿ, ಕದ್ರಿ ಕಡೆಯ ಇಳಿಜಾರಿನಲ್ಲಿ. ರಿಮ್ ಒದ್ದೆಯಾದರೆ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಸೈಕಲ್ ತಿರುವು ದಾಟಿರುತ್ತದೆ.

ಹಾಗಾಗಿ, ರಿಮ್ ಬದಲು ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಕೇಳಿದ್ದು ತಪ್ಪಲ್ಲ. ತಪ್ಪು ಮಾಡಿದ್ದು ನಾನು.

ಅವರ ಫೋರ್ಕಿನಲ್ಲಿ, ಅಂದರೆ ಮುಂಚಕ್ರವನ್ನು ಎರಡು ಕಾಲಿನಿಂದ ಹಿಡಿಯುವ ಕವೆಯಲ್ಲಿ, ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕನ್ನು ಅದುಮುವ ಭಾಗ) ಕೂರಿಸುವ ಕಿವಿ ಇರಲಿಲ್ಲ. ಫೋರ್ಕ್ ಬದಲಿಸಿದರೆ ಖರ್ಚು ಜಾಸ್ತಿ. ಮಾರ್ಕೆಟ್ಟಿನಲ್ಲಿ ಕ್ಲಾಂಪ್ ಅಡಾಪ್ಟರ್ ಅಂತ ಸಿಗುತ್ತದೆ, ಫೋರ್ಕಿನ ಎಡಗಾಲಿಗೆ ಬಿಗಿದು ಅದರ ಮೇಲೆ ಕ್ಯಾಲಿಪರ್ ಕೂರಿಸುವುದು. ಅದನ್ನೇ ಹಾಕಿದೆ. ಡಿಸ್ಕ್ ಹಬ್ ಇರುವ ಹೊಸ ಮುಂಚಕ್ರ, 160 ಎಂಎಂ ಡಿಸ್ಕ್, ಕೇಬಲ್‌ನಿಂದ ಎಳೆಯುವ ಕ್ಯಾಲಿಪರ್. ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಬೆರಳು ಮುಟ್ಟಿದರೆ ನಿಲ್ಲುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಯಿತು.

ನಾಲ್ಕು ದಿನಕ್ಕೆ ವಾಪಸ್ ಬಂದರು. ಚರ್ ಚರ್ ಸದ್ದು. ಡಿಸ್ಕಿಗೆ ಬೆಂಡ್ ಬಂದಿರಬೇಕು ಅಂದುಕೊಂಡು ಬೆಂಡ್ ತೆಗೆದೆ, ಪ್ಯಾಡ್ ಸರಿ ಮಾಡಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದು "ಬ್ರೇಕ್ ಏನೋ ಚೆನ್ನಾಗಿದೆ, ಆದರೆ ಸೈಕಲ್ ಒಂದು ಕಡೆಗೆ ಎಳೆಯುತ್ತೆ" ಅಂದಾಗ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಚಕ್ರ ಬಿಚ್ಚಿ, ಫೋರ್ಕನ್ನು ಪಕ್ಕದಿಂದ ನೋಡಿದೆ. ಎಡಗಾಲು ಬಲಗಾಲಿಗಿಂತ ಸ್ವಲ್ಪ ಹಿಂದಕ್ಕೆ ಬಾಗಿತ್ತು. ಕ್ಲಾಂಪ್ ಬಿಚ್ಚಿದರೆ ಅಡಿಯಲ್ಲಿ ಪೇಂಟ್ ಸುತ್ತಲೂ ಬಿರುಕು. ನಾನು ಹೋದ ಸಲವೇ ನೋಡಬೇಕಾಗಿದ್ದ ಜಾಗ ಅದು.

ರಿಮ್ ಬ್ರೇಕ್ ಕೂರುವುದು ಫೋರ್ಕಿನ ಮೇಲ್ಭಾಗದಲ್ಲಿ, ಎರಡು ಕಾಲೂ ಸೇರುವ ಗಟ್ಟಿ ಜಾಗದ ಹತ್ತಿರ. ಎರಡೂ ಕಾಲು ಭಾರ ಹಂಚಿಕೊಳ್ಳುತ್ತವೆ. ಡಿಸ್ಕ್ ಕೂರುವುದು ತುದಿಯಲ್ಲಿ, ಫೋರ್ಕ್ ಸಣ್ಣಗಾಗುತ್ತಾ ಬರುವ ಕಡೆ, ಅದೂ ಒಂದೇ ಕಾಲಿಗೆ. ಇನ್ನೊಂದು ಲೆಕ್ಕ: ಚಕ್ರದ ಮಧ್ಯದಿಂದ ಟೈರಿನ ಅಂಚಿಗೆ ಸುಮಾರು 33 ಸೆಂಟಿಮೀಟರ್, 160ರ ಡಿಸ್ಕಿನಲ್ಲಿ 8. ಅಂದರೆ ರಸ್ತೆ ಟೈರನ್ನು ಎಷ್ಟು ಬಲದಿಂದ ತಡೆಯುತ್ತದೋ ಅದರ ನಾಲ್ಕು ಪಟ್ಟು ಬಲ ಕ್ಯಾಲಿಪರ್ ಮೇಲೆ ಬೀಳುತ್ತದೆ. ಆ ಬಲವೆಲ್ಲ ಎರಡು ಬೋಲ್ಟಿನ ಕ್ಲಾಂಪ್ ಮೂಲಕ ಒಂದು ತೆಳು ಕೊಳವೆಗೆ ಹೋಗುತ್ತಿತ್ತು. ಸಾಲದ್ದಕ್ಕೆ, ಕ್ಯಾಲಿಪರ್ ಫೋರ್ಕಿನ ಹಿಂದೆ ಇರುವುದರಿಂದ ಬ್ರೇಕ್ ಹಿಡಿದಾಗೆಲ್ಲ ಅದು ಚಕ್ರವನ್ನು ಕೆಳಕ್ಕೆ ತಳ್ಳುತ್ತದೆ, ಫೋರ್ಕಿನ ಬಾಯಿಂದ ಹೊರಕ್ಕೆ. ನಟ್ಟು ಸ್ವಲ್ಪ ಸಡಿಲ ಇದ್ದರೂ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಅವರಿಗೆ ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನಾಳೆ ಪೇಪರಿಗೆ ಸೈಕಲ್ ಸಿಗುತ್ತದಾ?" ಅಂತಷ್ಟೇ ಕೇಳಿದರು. ನನ್ನ ಸ್ವಂತ ಸೈಕಲ್ ಕೊಟ್ಟು ಕಳಿಸಿದೆ. ಫ್ರೇಮಿನ ಮುಂದಿನ ಕೊಳವೆಗೆ (ಹೆಡ್ ಟ್ಯೂಬ್) ಫೋರ್ಕಿನ ಮೇಲಿನ 28.6 ಎಂಎಂ ಕೊಳವೆ (ಸ್ಟೀರರ್) ಹಿಡಿಸುತ್ತಿದ್ದುದು ಅದೃಷ್ಟ. ಫ್ಯಾಕ್ಟರಿಯಲ್ಲೇ ಡಿಸ್ಕ್ ಕಿವಿ ಇಟ್ಟ ಫೋರ್ಕ್ ತರಿಸಿ ನನ್ನ ಖರ್ಚಿನಲ್ಲೇ ಹಾಕಿದೆ. ಹಿಂದಿನ ಚಕ್ರದ ಮೋಟರಿನಲ್ಲಿ ಡಿಸ್ಕಿಗೆ ಆರು ತೂತು ಇದ್ದವು, ಆದರೆ ಫ್ರೇಮಿನಲ್ಲಿ ಕಿವಿ ಇಲ್ಲ. ಆಸೆ ಪಡಲಿಲ್ಲ. ಹಿಂದೆ ವಿ-ಬ್ರೇಕ್ ಹಾಗೇ ಉಳಿಸಿ ರಬ್ಬರ್, ಕೇಬಲ್ ಹೊಸತು ಹಾಕಿದೆ.

ಲಿವರ್ ವಿಷಯದಲ್ಲೂ ಒಂದು ದಿನ ಹೋಯಿತು. ಬ್ರೇಕ್ ಹಿಡಿದ ಕೂಡಲೇ ಮೋಟರ್ ಆಫ್ ಆಗಲಿ ಅಂತ ಕಿಟ್ ಜೊತೆ ಸ್ವಿಚ್ ಇರುವ ಲಿವರ್ ಬರುತ್ತದೆ. ಈ ಲಿವರ್ ಎಳೆಯುವ ಕೇಬಲ್ ಉದ್ದ ಕಡಿಮೆ, ಕ್ಯಾಲಿಪರ್ ಕೇಳುವುದು ಜಾಸ್ತಿ. ಪೂರ್ತಿ ಎಳೆದರೆ ಲಿವರ್ ಹ್ಯಾಂಡಲ್‌ಗೆ ತಾಗುತ್ತಿತ್ತು. ಸುಮ್ನೆ ಬೇರೆ ಲಿವರ್ ಹಾಕಿ ಸ್ವಿಚ್ ವೈರ್ ಬಿಟ್ಟುಬಿಡುವವರು ತುಂಬಾ ಜನ. ಹಾಗೆ ಮಾಡಿದರೆ ಬ್ರೇಕ್ ಒಂದು ಕಡೆ, ಮೋಟರ್ ಇನ್ನೊಂದು ಕಡೆ ಜಗಳಕ್ಕೆ ನಿಲ್ಲುತ್ತವೆ. ಸರಿಯಾದ ಲಿವರ್ ಹಾಕಿ, ಅದಕ್ಕೆ ಅಂಟಿಸುವ ಮ್ಯಾಗ್ನೆಟ್ ಸೆನ್ಸರ್ ಜೋಡಿಸಿದೆ.

ಹೊಸ ಡಿಸ್ಕ್ ಮೊದಲ ದಿನ ಅಷ್ಟಾಗಿ ಹಿಡಿಯುವುದಿಲ್ಲ. ಸ್ವಲ್ಪ ವೇಗಕ್ಕೆ ಹೋಗಿ ನಿಧಾನ ಮಾಡುವುದನ್ನು ಇಪ್ಪತ್ತು ಸಲವಾದರೂ ಮಾಡಬೇಕು, ಆಗ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಇದನ್ನು ಈಗ ನಾನೇ ಮಾಡಿ ಕೊಡುತ್ತೇನೆ. ಮೊದಲು ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಒಬ್ಬರು ಡಿಸ್ಕ್ ಕಿರುಗುಡುತ್ತದೆ ಅಂತ ತೆಂಗಿನೆಣ್ಣೆ ಸವರಿಕೊಂಡು ಬಂದರು. ಸದ್ದು ನಿಜಕ್ಕೂ ನಿಂತಿತ್ತು! ಬ್ರೇಕೂ ನಿಂತಿತ್ತು. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ, ಪ್ಯಾಡ್ ಮಾತ್ರ ಎಸೆಯಬೇಕಾಯಿತು.

ಬಾಗಿದ ಫೋರ್ಕ್ ಅಂಗಡಿ ಗೋಡೆಯ ಮೊಳೆಗೆ ನೇತು ಹಾಕಿದ್ದೇನೆ. ಡಿಸ್ಕ್ ಕೇಳಿ ಬಂದವರ ಸೈಕಲ್ಲಿನ ಎಡಗಾಲನ್ನು ಮೊದಲು ನೋಡುತ್ತೇನೆ. ಕಿವಿ ಇಲ್ಲದಿದ್ದರೆ ಗೋಡೆ ಕಡೆ ಕೈ ತೋರಿಸುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಹೋದ ತಿಂಗಳು ಕಾಲೇಜು ಹುಡುಗನೊಬ್ಬ ಆನ್‌ಲೈನಿನಲ್ಲಿ ಅದೇ ಥರದ ಅಡಾಪ್ಟರ್ ತರಿಸಿಕೊಂಡು ಬಂದಿದ್ದ. ಅರ್ಧ ಗಂಟೆ ವಾದ ಮಾಡಿದ. ಕೊನೆಗೆ ರಿಮ್ ಉಜ್ಜಿ, ಮಳೆಗೆ ಆಗುವ ಮೆದು ರಬ್ಬರ್ ಎರಡು ಜೊತೆ ಹಾಕಿ, ಒಳಗಿನ ಕೇಬಲ್, ಹೊರಗಿನ ಕವಚ ಎರಡನ್ನೂ ಬದಲಿಸಿ ಕೊಟ್ಟೆ. ಇಳಿಜಾರಿನಲ್ಲಿ ಒಂದು ಸುತ್ತು ಹೋಗಿ ಬಂದು, ಏನೂ ಹೇಳದೆ ದುಡ್ಡು ಕೊಟ್ಟು ಹೋದ. ಅಡಾಪ್ಟರ್ ಡಬ್ಬಿ ನನ್ನ ಡ್ರಾಯರಿನಲ್ಲೇ ಇದೆ. ರಿಟರ್ನ್ ಮಾಡುವ ದಿನ ಮುಗಿದಿತ್ತಂತೆ.