ಎರಡು ವರ್ಷದ ಕ್ರಾಂತಿಕಾರಿ

ನಮ್ಮ ಮಾವನವರ ಮುತ್ತಜ್ಜ ಜರ್ಮನಿಯವರು. ಅಲ್ಲಿನ ಅರಸರ ವಿರುದ್ಧ ಎದ್ದ 1848ರ ಕ್ರಾಂತಿಯಲ್ಲಿ ಬಂದೂಕು ಹಿಡಿದು, ಸೋತ ಮೇಲೆ ರಾತ್ರೋರಾತ್ರಿ ಹಡಗು ಹತ್ತಿದವರಂತೆ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ಅವರ ಹೆಸರನ್ನೇ ಬದಲಿಸಿಬಿಟ್ಟನಂತೆ. ಅಮೆರಿಕದ ಮಿಲ್ವಾಕಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದರಿಂದ ಒಂದು ಭಾನುವಾರ ಮಾವ, ನಾನು ಲ್ಯಾಪ್‌ಟಾಪ್ ಮುಂದೆ ಕೂತೆವು.

ಮೊದಲ ಪೆಟ್ಟು ಬಿದ್ದಿದ್ದು ಎಲ್ಲಿಸ್ ಐಲ್ಯಾಂಡಿಗೆ. ಅದು ಶುರುವಾಗಿದ್ದೇ 1892ರಲ್ಲಿ! 1880ರ ಜನಗಣತಿಯಲ್ಲೇ ಅಜ್ಜ ಮಿಲ್ವಾಕಿಯಲ್ಲಿದ್ದಾರೆ. ಹುಟ್ಟಿದ್ದು ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯ, ಕೆಲಸ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ. ಅಲ್ಲದೆ ಎಲ್ಲಿಸ್ ಐಲ್ಯಾಂಡಿನವರು ಹಡಗಿನಿಂದ ಬಂದ ಪಟ್ಟಿ ಇಟ್ಟುಕೊಂಡು ವಿಚಾರಿಸುತ್ತಿದ್ದರು, ಹೊಸ ಹೆಸರು ಕೊಡುತ್ತಿರಲಿಲ್ಲ. ಮಾವ ಒಪ್ಪಲಿಲ್ಲ ಅನ್ನಿ.

ಜರ್ಮನಿಯ ಬ್ರೆಮೆನ್ ಬಂದರಿನಲ್ಲಿ ಹುಡುಕೋಣ ಅಂದರೆ, ಜಾಗ ಸಾಲದು ಅಂತ ಅಲ್ಲಿನವರೇ ಪ್ರಯಾಣಿಕರ ಹಳೆಯ ಪಟ್ಟಿಗಳನ್ನು ನಾಶ ಮಾಡಿದ್ದಾರೆ. 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಗಿದೆ. ಹಾಗಾಗಿ 1880 ಬಿಟ್ಟರೆ ಸೀದಾ 1900.

ಆ ಹಾಳೆಯಲ್ಲಿ ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ ಎಲ್ಲ ಇರುತ್ತದೆ. ಅಜ್ಜ ಹುಟ್ಟಿದ್ದು ಮಾರ್ಚ್ 1846. ಬಂದಿದ್ದು 1871.

"ಅಂದರೆ ತೊಟ್ಟಿಲಲ್ಲೇ ಬಂದೂಕು ಹಿಡಿದಿದ್ದರು!" ಅಂತ ಅತ್ತೆ ಅಡುಗೆಮನೆಯಿಂದ ನಕ್ಕರು. ಮಾವ ನಗಲಿಲ್ಲ. ಕಾರ್ಲ್ ಶುರ್ಟ್ಸ್ ಥರದ ಕ್ರಾಂತಿಕಾರಿಗಳು ನಿಜಕ್ಕೂ ಮಿಲ್ವಾಕಿ ಇರುವ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದು ನೆಲೆಸಿದ್ದರು. ಆಮೇಲೆ ಹೊಟ್ಟೆಪಾಡಿಗೆ ಬಂದವರನ್ನೂ ಮೊಮ್ಮಕ್ಕಳು ಅದೇ ಪಂಕ್ತಿಯಲ್ಲಿ ಕೂರಿಸಿಬಿಟ್ಟರು ಅಂತ ನನ್ನ ಗುಮಾನಿ.

ಮುಚ್ಚಿಡೋಣ ಅನ್ನುವಷ್ಟರಲ್ಲಿ ಅಜ್ಜಿಯ ಸಾಲು ಕಣ್ಣಿಗೆ ಬಿತ್ತು. ಹೆಂಗಸರಿಗೆಂದೇ ಎರಡು ಕಾಲಂ ಇದ್ದವು: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ಶಾಯಿ ಸ್ವಲ್ಪ ಹರಡಿದ್ದರೂ ಅಂಕಿ ಸ್ಪಷ್ಟ. 9. ಪಕ್ಕದಲ್ಲಿ 5.

ಮನೆಯಲ್ಲಿದ್ದ ವಂಶವೃಕ್ಷದಲ್ಲಿ ಐದೇ ಹೆಸರು. ಅಜ್ಜನ ಬಂದೂಕಿನ ಕಥೆ ನಾಲ್ಕು ತಲೆಮಾರು ದಾಟಿ ಬಂದಿದೆ, ನಾಲ್ಕು ಮಕ್ಕಳ ಸುದ್ದಿ ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಜಾಸ್ತಿ ಕಸಿವಿಸಿ ಆಗಿದ್ದು ಅದಕ್ಕೇ.

ಮಾವ ಆವತ್ತೇ ಹಳೆಯ ಲೂಥರನ್ ಚರ್ಚಿಗೆ ಮೇಲ್ ಹಾಕಿದರು. ಅವರು ಮಣ್ಣು ಮಾಡಿದವರ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಎಲ್ಲ ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹ, ಅದರಲ್ಲಿ e ಅಕ್ಷರ n ಥರ ಕಾಣುತ್ತದೆ. ಮಾವ ಭೂತಗನ್ನಡಿ ಹಿಡಿದು ಇಲ್ಲಿವರೆಗೆ ಎರಡು ಹೆಸರು ಬಿಡಿಸಿದ್ದಾರೆ. ಮೂರನೆಯದರ ಬಗ್ಗೆ ಅವರಿಗೂ ನನ್ನ ಗಂಡನಿಗೂ ಇನ್ನೂ ಜಗಳ ನಡೀತಿದೆ.