ಬೇಸ್‌ಮೆಂಟನ್ನು ರೂಮು ಮಾಡಬಹುದಾ? ಮೊದಲು ಒಂದು ಮಳೆಗಾಲ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಧರೆ ಕಡಿದು ಕಟ್ಟಿದ ಮನೆಗಳಿಗೆ ರಸ್ತೆ ಮಟ್ಟದ ಕೆಳಗೊಂದು ಅಂತಸ್ತು ತಾನಾಗಿಯೇ ಸಿಗುತ್ತದೆ. ಒಂದು ಬದಿ ಮಣ್ಣಿಗೆ ಒರಗಿರುತ್ತದೆ, ಎದುರು ಬದಿ ಬಯಲು. ಸೌದೆ, ಹಳೇ ಸಾಮಾನು ತುಂಬಿದ ಆ ಜಾಗ ತೋರಿಸಿ ಎಲ್ಲರೂ ಕೇಳುವುದು ಒಂದೇ: ಇದನ್ನು ರೂಮು ಮಾಡಿಕೊಳ್ಳಬಹುದಾ?

ಮಾಡಬಹುದು. ಆದರೆ ಯೋಚನೆ ಟೈಲ್ಸಿನಿಂದಲ್ಲ, ನೀರಿನಿಂದ ಶುರುವಾಗಲಿ. ಮಾರ್ಚಿನಲ್ಲಿ ಒಣಗಿ ಕಾಣುವ ಗೋಡೆಯನ್ನು ನಂಬಿ ಪುಟ್ಟಿ ಬಳಿದರೆ ಪುನರ್ವಸು, ಪುಷ್ಯ ಮಳೆಗೆ ಅದು ಹಪ್ಪಳದಂತೆ ಏಳುತ್ತದೆ. ಜುಲೈ, ಆಗಸ್ಟಿನಲ್ಲಿ ಪರೀಕ್ಷಿಸಿ. ಜನವರಿಯಿಂದ ಏಪ್ರಿಲ್ ಒಳಗೆ ಕೆಲಸ ಮುಗಿಸಿ.

ಪರೀಕ್ಷೆ ಸುಲಭ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೊಂದು, ಮಣ್ಣಿನ ಬದಿಯ ಗೋಡೆಗೊಂದು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿದಾಗ ಹಾಳೆಯ ಹಿಂದೆ ಹನಿಗಟ್ಟಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ರೂಮಿನ ಕಡೆಯ ಮೇಲ್ಮೈ ಬೆವರಿದ್ದರೆ ಗಾಳಿಯಲ್ಲಿನ ತೇವ ತಣ್ಣನೆ ಗೋಡೆಗೆ ಕೂತಿದೆ. ಎರಡಕ್ಕೂ ಮದ್ದು ಬೇರೆ. ಎರಡನೆಯದಕ್ಕೆ ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ತೇವ ಇನ್ನೂ ಹೆಚ್ಚುತ್ತದೆ. ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡುವುದೇ ದಾರಿ.

ಮಣ್ಣಿನ ನೀರಾದರೆ ಮೊದಲು ಮಾಡಿನತ್ತ ನೋಡಿ. ಸಾವಿರ ಚದರಡಿ ಮಾಡಿನ ಮೇಲೆ 10 ಸೆಂ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ಮಾಡಿನಂಚಿನ ದೋಣಿಯ ಪೈಪು ಅದನ್ನು ಪಾಯದ ಬುಡಕ್ಕೇ ಸುರಿಯುತ್ತಿದ್ದರೆ ಯಾವ ಕೆಮಿಕಲ್ಲೂ ಉಳಿಸದು. ಪೈಪನ್ನು ಹತ್ತಡಿ ಆಚೆ, ಇಳಿಜಾರಿಗೆ ಒಯ್ಯಿರಿ. ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಇಲ್ಲೇ ತೀರುತ್ತದೆ.

ಉಳಿದದ್ದಕ್ಕೆ ಗೋಡೆಯ ಹೊರಗೆ ಚರಂಡಿ. ಒಳಗಿನ ನೆಲಕ್ಕಿಂತ ತಗ್ಗಿನಲ್ಲಿ, ಆದರೆ ಪಾಯದ ತಳಕ್ಕಿಂತ ಆಳಕ್ಕಿಳಿಯದಂತೆ, 4 ಇಂಚಿನ ತೂತಿನ ಪಿವಿಸಿ ಪೈಪು. ನೂರಡಿಗೆ ಒಂದಡಿ ಇಳಿಜಾರು. ಸುತ್ತ 20 ಎಂ.ಎಂ. ಜಲ್ಲಿ, ಜಲ್ಲಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಹೊದಿಕೆ. ಬಟ್ಟೆ ಬಿಟ್ಟರೆ ಕೆಮ್ಮಣ್ಣು ಕೆಲವೇ ಮಳೆಗಾಲಗಳಲ್ಲಿ ಜಲ್ಲಿಯನ್ನು ತುಂಬಿಬಿಡುತ್ತದೆ. ಕಾಲುವೆಯನ್ನು ಒಂದೇ ಸಲ ಉದ್ದಕ್ಕೂ ಅಗೆಯದೆ ಆರೆಂಟು ಅಡಿಯಂತೆ ಅಗೆದು ತುಂಬುತ್ತಾ ಹೋಗಿ, ಇಲ್ಲವಾದರೆ ಧರೆ ಜರಿದೀತು. ನಮ್ಮ ಇಳಿಜಾರಿನ ವರವೆಂದರೆ ನೀರು ತಾನೇ ಹರಿದು ಬಯಲ ಕಡೆ ಹೋಗುತ್ತದೆ, ಪಂಪ್ ಬೇಕಿಲ್ಲ. ಹಾಸನದಂಥ ಮಟ್ಟಸ ಜಾಗದಲ್ಲಿ ಸಂಪು, ನೀರೇರಿದಾಗ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ಚಿನ ಪಂಪು ಬೇಕಾಗುತ್ತದೆ. ಜೋರು ಮಳೆಯ ರಾತ್ರಿಯೇ ಕರೆಂಟ್ ಹೋಗುವುದರಿಂದ ಅದಕ್ಕೆ ಇನ್ವರ್ಟರ್ ಲೈನೂ ಬೇಕು.

ಒಳಗಿನಿಂದ ಬಳಿಯುವ ವಾಟರ್‌ಪ್ರೂಫ್ ಪೇಂಟ್ ಏಕೆ ಸೋಲುತ್ತದೆ ಎಂದರೆ, ಗೋಡೆಯ ಹಿಂದೆ 1 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1,000 ಕೆ.ಜಿ. ಒತ್ತಡ. ಅದು ಪೇಂಟನ್ನು ಹಿಂದಿನಿಂದ ತಳ್ಳುತ್ತದೆ. ಹೊರಗೆ ಅಗೆಯಲು ಜಾಗವೇ ಇಲ್ಲದ ಕಾಂಕ್ರೀಟ್ ಗೋಡೆಗೆ ಕ್ರಿಸ್ಟಲೈನ್ ಸಿಮೆಂಟ್ ಲೇಪ (ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಹರಳುಗಟ್ಟಿ ನೀರು ತಡೆಯುವಂಥದ್ದು) ಪರವಾಗಿಲ್ಲ. ಸೈಜುಗಲ್ಲಿನ ಗೋಡೆಗೆ ಅದನ್ನು ನಂಬಬೇಡಿ.

ಎತ್ತರ ಅಳೆಯಿರಿ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು 2.75 ಮೀಟರ್, ಅಂದರೆ ಒಂಬತ್ತು ಅಡಿ. ಹಳೇ ನೆಲದ ಮೇಲೆ 250 ಮೈಕ್ರಾನ್ ಹಾಳೆ, 3 ಇಂಚು ಕಾಂಕ್ರೀಟ್, ಟೈಲ್ಸ್ ಸೇರಿ ಐದಿಂಚು ಹೋಗುತ್ತದೆ. ಎತ್ತರ ಸಾಲದೆಂದು ನೆಲ ಅಗೆಯುವ ಮಾತನ್ನು ಮೇಸ್ತ್ರಿ ಎತ್ತಿದರೆ ಅಲ್ಲೇ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೆಸಿ. ಪಾಯದ ಪಕ್ಕದ ಮಣ್ಣು ತೆಗೆದರೆ ಪಾಯವೇ ಕೂರುತ್ತದೆ. ಪ್ಲಾನಿನಲ್ಲಿ ಅದು ಬೇಸ್‌ಮೆಂಟ್ ಎಂದೇ ಮಂಜೂರಾಗಿದ್ದರೆ ವಾಸಕ್ಕೆ ಬಳಸಬಹುದೇ ಎಂದು ಸ್ಥಳೀಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಜಿಪ್ಸಮ್ ಬೋರ್ಡ್ ಬೇಡ. ವಾರ್ಡ್‌ರೋಬು ಗೋಡೆಗೆ ತಾಗದೆ ಎರಡಿಂಚು ಬಿಟ್ಟಿರಲಿ. ರೂಮು ಮುಗಿದ ಮೇಲೂ ಅಲ್ಲಿ ಕಾಫಿ, ಮೆಣಸಿನ ಚೀಲ ಇಡಬೇಡಿ. ಒಣಗಿಸಿದ ಬೀಜ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಗ್ಯಾಸ್ ಸಿಲಿಂಡರಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಹೊರಗೆ ಹೋಗದೆ ನೆಲದಲ್ಲೇ ಕೆರೆಯಂತೆ ನಿಲ್ಲುತ್ತದೆ.